ಮಾಲ್ಗುಡಿಗೆ ಎಷ್ಟು ಹಳಿ?

ಮಾಲ್ಗುಡಿಗೆ ನಕ್ಷೆ ಇದೆ. ಜೇಮ್ಸ್ ಫೆನೆಲಿ ಎಂಬ ವಿದ್ವಾಂಸರು ಆರ್.ಕೆ. ನಾರಾಯಣ್ ಅವರ ಕಥೆ, ಕಾದಂಬರಿಗಳನ್ನು ಜಾಲಾಡಿ, ಸರಯೂ ನದಿ ಯಾವ ಕಡೆ ಹರಿಯುತ್ತದೆ, ಮಾರ್ಕೆಟ್ ರಸ್ತೆ ಎಲ್ಲಿಗೆ ಮುಟ್ಟುತ್ತದೆ, ಮೆಂಪಿ ಬೆಟ್ಟ ಎಲ್ಲಿ ಏಳುತ್ತದೆ ಎಂದೆಲ್ಲ ಹೊಂದಿಸಿ ಅದನ್ನು ಸಿದ್ಧಪಡಿಸಿದರು. ಭೂಮಿಯ ಮೇಲೆ ಇಲ್ಲದ ಊರು. ಆದರೂ ಅಲ್ಲಿ ಯಾರೂ ದಾರಿ ತಪ್ಪುವಂತಿಲ್ಲ. ನಾರಾಯಣ್ ಅವರಿಗೆ ಮೊದಲು ಹೊಳೆದದ್ದೇ ಆ ಊರಿನ ರೈಲ್ವೆ ಸ್ಟೇಷನ್ನಂತೆ. 1930ರ ವಿಜಯದಶಮಿಯ ದಿನ ಬೆಂಗಳೂರಿನಲ್ಲಿ ಬರೆಯಲು ಕೂತಾಗ ಒಂದು ಪುಟ್ಟ ಸ್ಟೇಷನ್ನು, ಅಲ್ಲಿಗೆ ಬಂದು ನಿಂತ ಒಂದು ಗಾಡಿ ಕಣ್ಣಿಗೆ ಕಟ್ಟಿತು. ಊರು ಆಮೇಲೆ ಅದರ ಸುತ್ತ ಬೆಳೆಯಿತು. ಗೆಳೆಯ ರಾಜಮ್ ಊರು ಬಿಟ್ಟು ಹೋಗುವಾಗ, ಆಗ ಬರೆದ ಕಾದಂಬರಿಯ ಹುಡುಗ ಸ್ವಾಮಿ ಪುಸ್ತಕ ಹಿಡಿದುಕೊಂಡು ಓಡಿ ಬಂದದ್ದು ಆ ಪ್ಲಾಟ್‌ಫಾರ್ಮಿಗೆ. ‘ಗೈಡ್’ ಕಾದಂಬರಿಯ ರಾಜು ಅಂಗಡಿ ಇಟ್ಟದ್ದೂ ಅಲ್ಲೇ.

ಎಲ್ಲ ಸರಿ. ರಾಜಮ್ ಹತ್ತಿದ ಗಾಡಿ ಮೇನ್ ಲೈನಿನಲ್ಲಿ ನಿಂತಿತ್ತೋ, ಪಕ್ಕಕ್ಕೆ ಕವಲೊಡೆದು ಮತ್ತೆ ಬಂದು ಕೂಡುವ ಲೂಪ್ ಲೈನಿನಲ್ಲೋ? ಇದನ್ನು ನಾರಾಯಣ್ ಬರೆದಿಲ್ಲ, ಫೆನೆಲಿ ಕೇಳಿಲ್ಲ, ಇಂಗ್ಲಿಷ್ ಎಂ.ಎ. ಮಾಡಿದವರು ಯಾರೂ ಪ್ರಬಂಧ ಮಂಡಿಸಿಲ್ಲ. ಸ್ನೇಹ, ಅಗಲಿಕೆ, ಬಾಲ್ಯ ಎಂದು ಹೇಳಿ ಮುಗಿಸಿಬಿಟ್ಟಿದ್ದಾರೆ.

ನನಗೆ ಇದು ಬೇಕಾಗಿದೆ. ನಾನು ರೈಲು ಮಾದರಿ ಕಟ್ಟುವವನು. ‘ಈ ವಯಸ್ಸಿನಲ್ಲಿ ಆಟದ ಸಾಮಾನು’ ಎಂದು ನಮ್ಮ ಬಂಧುವರ್ಗ ಇದನ್ನು ಕರೆಯುತ್ತದೆ. ಅಂಗಡಿಯಿಂದ ಡಬ್ಬ ತಂದು, ಗುಂಡಗೆ ಹಳಿ ಜೋಡಿಸಿ, ಇಂಜಿನ್ ಬಿಟ್ಟು ಚಪ್ಪಾಳೆ ತಟ್ಟುವುದು ಆಟ, ಒಪ್ಪುತ್ತೇನೆ. ನಾವು ಮಾಡುವುದು ಬೇರೆ. ಒಂದು ನಿಜವಾದ ಸ್ಟೇಷನ್ನನ್ನು, ಒಂದು ನಿರ್ದಿಷ್ಟ ಕಾಲದಲ್ಲಿ ಅದು ಹೇಗಿತ್ತೋ ಹಾಗೆ, 87 ಪಟ್ಟು ಕುಗ್ಗಿಸಿ ಹಲಗೆಯ ಮೇಲೆ ನಿಲ್ಲಿಸಬೇಕು. ಮೀಟರ್ ಗೇಜ್ ಹಳಿಗಳ ನಡುವಿನ 1000 ಮಿಲಿಮೀಟರ್ ಅಂತರ ಈ ಲೆಕ್ಕದಲ್ಲಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಮಾರಾಟಕ್ಕೆ ಸಿಗುವ ಹಳಿ 12. ಈ ಅರ್ಧ ಮಿಲಿಮೀಟರನ್ನು ಸಹಿಸಿಕೊಳ್ಳಬೇಕೋ ಬಾರದೋ ಎಂಬ ವಿಷಯದಲ್ಲಿ ಸ್ನೇಹಗಳು ಮುರಿದಿವೆ. ನಾನು ಸಹಿಸಿಕೊಳ್ಳುವ ಪಕ್ಷ.

ಹೊರದೇಶದಿಂದ ಬರುವ ಡಬ್ಬಗಳಲ್ಲಿ ಸ್ಟೇಷನ್ ಕಟ್ಟಡಗಳೂ ಬರುತ್ತವೆ. ಅಂಥದೊಂದು ಜರ್ಮನ್ ಸ್ಟೇಷನ್ ನಮ್ಮ ಮನೆಯಲ್ಲಿದೆ. ಮಾಡಿನ ಮೇಲೆ ಹಿಮ, ಕಿಟಕಿಯಲ್ಲಿ ಕೆಂಪು ಹೂವು, ಗಡಿಯಾರದ ಗೋಪುರ. ಶಿವಮೊಗ್ಗದಲ್ಲಿ ಹುಟ್ಟಿ ಬೆಳೆದವನು ಎಷ್ಟು ದಿನ ಹಿಮ ನೋಡಿಕೊಂಡು ಕೂರಬಲ್ಲ? ಕಟ್ಟಿದರೆ ನಮ್ಮ ಸಾಲಿನ ಸ್ಟೇಷನ್ನನ್ನೇ ಕಟ್ಟಬೇಕು, ಅದರಲ್ಲೂ ಅರಸಾಳನ್ನೇ ಕಟ್ಟಬೇಕು ಎಂದು ನಿಶ್ಚಯವಾಯಿತು.

ಅರಸಾಳು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಗಾಡಿ ಕುಂಸಿ ಬಿಟ್ಟ ಮೇಲೆ, ಆನಂದಪುರ ಬರುವುದಕ್ಕೆ ಮುಂಚೆ ಸಿಗುತ್ತದೆ. ಶಂಕರ್‌ನಾಗ್ 80ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆದಾಗ ಆಗುಂಬೆಯನ್ನು ಊರು ಮಾಡಿಕೊಂಡರು, ಅರಸಾಳನ್ನು ರೈಲ್ವೆ ಸ್ಟೇಷನ್ ಮಾಡಿಕೊಂಡರು. ಆಗ ಮೀಟರ್ ಗೇಜು. ಮುಂದೆ ಬ್ರಾಡ್ ಗೇಜ್ ಬಂತು, ಹಳೇ ಹಳಿ ಎದ್ದುಹೋಯಿತು, ಹಳೇ ಕಟ್ಟಡ ಖಾಲಿ ಬಿತ್ತು. 2020ರಲ್ಲಿ ಅದೇ ಕಟ್ಟಡವನ್ನು ರಿಪೇರಿ ಮಾಡಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿದ್ದಾರೆ. ಪಕ್ಕದಲ್ಲಿ ಹಳೇ ಬೋಗಿಯೊಂದನ್ನು ನಿಲ್ಲಿಸಿ ಟೀ ಅಂಗಡಿ ಮಾಡಿದ್ದಾರೆ. ಹೋಗಿ ಬರುವಂಥ ಜಾಗ.

ಆದರೆ ನನ್ನ ಕಷ್ಟ ಕಟ್ಟಡದ್ದಲ್ಲ. ಕಟ್ಟಡ ನಿಂತಿದೆ, ಟೇಪು ಹಿಡಿದು ಅಳೆಯಬಹುದು. ಹಳಿ ಎಲ್ಲಿದೆ? ಈಗ ಇರುವುದು 1676 ಮಿಲಿಮೀಟರಿನ ದೊಡ್ಡ ಹಳಿ, ಬೇರೆ ಲೆಕ್ಕದ್ದು. ಹಳೆಯದು ಎಷ್ಟು ಸಾಲು ಇತ್ತು, ಲೂಪು ಎಲ್ಲಿ ಕವಲೊಡೆಯಿತು, ಗಾಡಿಯನ್ನು ಹಳಿಯಿಂದ ಹಳಿಗೆ ತಿರುಗಿಸುವ ಪಾಯಿಂಟು ಪ್ಲಾಟ್‌ಫಾರ್ಮಿನ ತುದಿಯಿಂದ ಎಷ್ಟು ದೂರ, ಸಿಗ್ನಲ್ ಕಂಬ ಎಡಕ್ಕೋ ಬಲಕ್ಕೋ, ಎರಡು ಹಳಿ ಕೂಡುವಲ್ಲಿ ‘ಇದರಾಚೆ ಡಬ್ಬಿ ನಿಲ್ಲಬಾರದು’ ಎಂದು ಹೇಳುವ ಫೌಲಿಂಗ್ ಮಾರ್ಕಿನ ಕಲ್ಲು ಎಲ್ಲಿ, ಸೈಡಿಂಗು ಇತ್ತೋ ಇಲ್ಲವೋ, ಇದ್ದರೆ ಅದು ಯಾವ ಕಡೆ ಮೊಂಡಾಗಿ ನಿಲ್ಲುತ್ತಿತ್ತು — ಇಷ್ಟನ್ನೂ ಹೇಳುವ ಕಾಗದ ಬೇಕು. ‘ಅಂದಾಜಿಗೆ ಹಾಕ್ರಿ, ಯಾರು ಕೇಳ್ತಾರೆ’ ಎನ್ನುವವರಿದ್ದಾರೆ. ಕೇಳುತ್ತಾರೆ. ಮಾದರಿಗಳ ಪ್ರದರ್ಶನದಲ್ಲಿ ಎಲ್ಲರೂ ಇಂಜಿನ್ ನೋಡುತ್ತಿರುವಾಗ ಒಬ್ಬ ಮನುಷ್ಯ ಕೈಕಟ್ಟಿಕೊಂಡು ಒಂದೇ ಕಡೆ ನೋಡುತ್ತಿರುತ್ತಾನೆ. ಅವನು ರೈಲ್ವೆಯಲ್ಲಿ ಸಿಗ್ನಲ್ ಇಲಾಖೆಯವನು. ಅವನು ಬಾಯಿ ಬಿಟ್ಟರೆ ನಮ್ಮ ಆ ವರ್ಷ ಮುಗಿಯಿತು.

ಕಾಗದ ಎಂದ ಮೇಲೆ ಕಚೇರಿಗೆ ಹೋಗಬೇಕಲ್ಲ. ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಲು ಹೇಳಿದರು.

“ಅರಸಾಳು ಸ್ಟೇಷನ್ನಿನ ಹಳೇ ಯಾರ್ಡ್ ಪ್ಲಾನ್ ಬೇಕಿತ್ತು ಸರ್. ಮೀಟರ್ ಗೇಜ್ ಕಾಲದ್ದು.”

“ಕಂಟ್ರಾಕ್ಟರಾ?”

“ಅಲ್ಲ ಸರ್.”

“ಜಾಗದ್ದೇನಾದ್ರೂ ಕೇಸಾ? ಒತ್ತುವರಿ ಗಿತ್ತುವರಿ?”

“ಅಲ್ಲ ಸರ್, ಮಾಡೆಲ್ ಮಾಡೋದಕ್ಕೆ.”

ಅವರು ನನ್ನ ನರೆತ ತಲೆಯನ್ನು ನೋಡಿ, ದನಿ ತಗ್ಗಿಸಿ, “ಮೊಮ್ಮಗಂದು ಸ್ಕೂಲ್ ಪ್ರಾಜೆಕ್ಟಾ?” ಎಂದರು.

“ಇಲ್ಲ ಸರ್. ನನ್ನದೇ.”

ಅಲ್ಲಿಗೆ ಅವರ ಮುಖ ಮುಚ್ಚಿಕೊಂಡಿತು. ಒತ್ತುವರಿ ಕೇಸಾಗಿದ್ದರೆ ಅದಕ್ಕೊಂದು ಅರ್ಜಿ ನಮೂನೆ ಇದೆ. ಮೊಮ್ಮಗನ ಪ್ರಾಜೆಕ್ಟಾಗಿದ್ದರೆ ಕನಿಕರ ಇದೆ. ಸ್ಟೇಷನ್ನಿನ ನಕ್ಷೆಯನ್ನು ಸುಮ್ಮನೆ ಇಷ್ಟಕ್ಕಾಗಿ ಕೇಳುವವನನ್ನು ಯಾವ ಕಾಲಮ್ಮಿನಲ್ಲಿ ತುಂಬುವುದು? ಒಂದೋ ಹುಚ್ಚ, ಇಲ್ಲವೇ ಏನೋ ಹುನ್ನಾರ ಇಟ್ಟುಕೊಂಡವನು. ಅವರ ದೃಷ್ಟಿಯಿಂದ ನೋಡಿದರೆ ತಪ್ಪೂ ಅಲ್ಲ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿದೆ. ‘ತಾವು ಕೋರಿರುವ ದಾಖಲೆಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ’ ಎಂದು ಸೀಲು, ಸಹಿ ಎಲ್ಲ ಹಾಕಿದ ಚೆಂದದ ಉತ್ತರ ಬಂತು. ಅದನ್ನೂ ಫೈಲಿನಲ್ಲಿಟ್ಟಿದ್ದೇನೆ. ಈ ಹುಡುಕಾಟದಲ್ಲಿ ನನಗೆ ಸಿಕ್ಕಿರುವ ಅಧಿಕೃತ ದಾಖಲೆ ಅದೊಂದೇ.

ಇಲ್ಲ ಎಂದರೆ ಇಲ್ಲವೇ ಇರಬಹುದು. ಈ ಸಾಲು ಹಾಕಿದ್ದು ಮೈಸೂರು ಸಂಸ್ಥಾನದ ರೈಲ್ವೆ. 1951ರಲ್ಲಿ ಅದು ದಕ್ಷಿಣ ರೈಲ್ವೆಗೆ ಸೇರಿ ಯಜಮಾನಿಕೆ ಮದರಾಸಿಗೆ ಹೋಯಿತು. 2003ರಲ್ಲಿ ನೈಋತ್ಯ ರೈಲ್ವೆಯಾಗಿ ಹುಬ್ಬಳ್ಳಿಗೆ ಬಂತು. ಒಂದು ಮನೆ ಖಾಲಿ ಮಾಡಿ ಇನ್ನೊಂದಕ್ಕೆ ಹೋಗುವಾಗಲೇ ಅರ್ಧ ಪಾತ್ರೆ ಕಾಣೆಯಾಗುತ್ತವೆ. ಅಲ್ಲದೆ ಯಾರ್ಡಿನ ನಕ್ಷೆ ಎನ್ನುವುದು ರೈಲ್ವೆಯವರಿಗೆ ಇತಿಹಾಸವಲ್ಲ, ಹತ್ಯಾರ. ಹಳಿ ಬದಲಾದ ದಿನ ಹಳೇ ನಕ್ಷೆ ಅಪಾಯಕಾರಿಯಾಗುತ್ತದೆ. ಯಾರಾದರೂ ಅದನ್ನು ನಂಬಿ ಗಾಡಿ ಬಿಟ್ಟರೆ ಗತಿ ಏನು? ಹೊಸದನ್ನು ಗೋಡೆಗೆ ಹಾಕಿ ಹಳೆಯದನ್ನು ತೆಗೆಯುವುದೇ ಅವರ ಧರ್ಮ.

ಪರಿಚಯದ ನಿವೃತ್ತ ಸ್ಟೇಷನ್ ಮಾಸ್ಟರೊಬ್ಬರು ನನ್ನ ಅವಸ್ಥೆ ನೋಡಲಾರದೆ, ಬೇರೊಂದು ಸ್ಟೇಷನ್ನಿನ ‘ಸ್ಟೇಷನ್ ವರ್ಕಿಂಗ್ ರೂಲ್ಸ್’ ಪ್ರತಿಯನ್ನು ತೋರಿಸಿದರು. ಪ್ರತಿ ಸ್ಟೇಷನ್ನಿಗೂ ಅದಕ್ಕೇ ಮೀಸಲಾದ ಈ ನಿಯಮಾವಳಿ ಇರುತ್ತದೆ, ಜೊತೆಗೊಂದು ರೇಖಾಚಿತ್ರ. ನೋಡಿ ಕಣ್ಣು ತಂಪಾಯಿತು. ಪಾಯಿಂಟಿಗೆಲ್ಲ ನಂಬರು, ಸಿಗ್ನಲ್ಲಿಗೆಲ್ಲ ನಂಬರು, ಯಾವ ಸಾಲಿನಲ್ಲಿ ಎಷ್ಟು ಡಬ್ಬಿ ಹಿಡಿಯುತ್ತದೆಂಬ ಲೆಕ್ಕ. ಮೂಲೆಯಲ್ಲಿ ಮಾತ್ರ ‘ನಾಟ್ ಟು ಸ್ಕೇಲ್’ ಎಂದು ಬರೆದಿತ್ತು. ಅಂದರೆ ಆ ಚಿತ್ರದಲ್ಲಿ ಸ್ಟೇಷನ್ನು ರೂಲುದೊಣ್ಣೆ ಹಿಡಿದು ಎಳೆದ ಹಾಗೆ ನೆಟ್ಟಗಿದೆ. ನಿಜದ ಸ್ಟೇಷನ್ನು ಗುಡ್ಡ ಬಳಸಿಕೊಂಡು ಬಾಗಿರುತ್ತದೆ. “ಅಳತೇದು ಬೇಕು ಅಂದ್ರೆ ಇಂಜಿನಿಯರಿಂಗ್ ಸ್ಕೇಲ್ ಪ್ಲಾನೇ ಸಿಗ್ಬೇಕು ಮಾರಾಯ್ರೆ. ಅದು ನಮಗೇ ಸಿಕ್ತಿರ್ಲಿಲ್ಲ” ಎಂದರು ಅವರು.

ಈ ವಿಷಯದಲ್ಲಿ ಇಂಗ್ಲೆಂಡಿನವರನ್ನು ಕಂಡರೆ ನನಗೆ ಹೊಟ್ಟೆಯುರಿ. ಅಲ್ಲಿನ ಸರ್ವೆ ಇಲಾಖೆ, ಅಂದರೆ ಆರ್ಡ್‌ನೆನ್ಸ್ ಸರ್ವೆ, ನೂರು ವರ್ಷದ ಹಿಂದೆಯೇ ದೇಶದ ಬಹುಭಾಗವನ್ನು 1:2500 ಪ್ರಮಾಣದಲ್ಲಿ ಬಿಡಿಸಿಟ್ಟಿದೆ. ಹಳ್ಳಿಯ ಸ್ಟೇಷನ್ನಿನ ಸೈಡಿಂಗು, ಪಾಯಿಂಟು, ಇಂಜಿನ್ ತಿರುಗಿಸುವ ಟರ್ನ್‌ಟೇಬಲ್ಲು ಎಲ್ಲವೂ ಅದರಲ್ಲಿ ಕಾಣುತ್ತವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವನ್ನೆಲ್ಲ ಪುಕ್ಕಟೆಯಾಗಿ ನೋಡಲು ಬಿಟ್ಟಿದೆ. ಅಲ್ಲಿ ಮಾದರಿ ಕಟ್ಟುವವನು ಬೆಳಗಿನ ಕಾಫಿ ಕುಡಿಯುತ್ತ ಮೂರು ಬೇರೆ ಬೇರೆ ವರ್ಷದ ನಕ್ಷೆ ಇಳಿಸಿಕೊಂಡು, ಇವುಗಳಲ್ಲಿ ಯಾವ ವರ್ಷ ಕಟ್ಟಲಿ ಎಂದು ಸಂಕಟಪಡುತ್ತಾನೆ. ಸಂಕಟವಂತೆ!

ನಮ್ಮಲ್ಲಿ ಸಿಗುವ ಸರ್ವೆ ನಕ್ಷೆ 1:50,000ದ್ದು. 400 ಮೀಟರಿನ ಸ್ಟೇಷನ್ನು ಅದರಲ್ಲಿ 8 ಮಿಲಿಮೀಟರ್. ಕಪ್ಪು ಗೆರೆಯ ಪಕ್ಕ ‘ಆರ್.ಎಸ್.’ ಎಂದು ಬರೆದಿರುತ್ತದೆ, ರೈಲ್ವೆ ಸ್ಟೇಷನ್ ಎಂದರ್ಥ. ಅದನ್ನು ಭೂತಗನ್ನಡಿ ಹಿಡಿದು ನೋಡಿದರೆ ಎರಡು ಅಕ್ಷರ ದೊಡ್ಡದಾಗುತ್ತವೆ, ಅಷ್ಟೇ. ಉಪಗ್ರಹದ ಚಿತ್ರ ನೋಡಿ ಎಂದು ಮಗ ಹೇಳಿದ. ಮಲೆನಾಡಿನ ಮೇಲೆ ಉಪಗ್ರಹ ಹಾದುಹೋದಾಗ ಒಂದೋ ಮೋಡ, ಇಲ್ಲ ಮರ. ಮರದಡಿಯ ಹಳಿಯ ವಿಷಯ ಆಕಾಶದಲ್ಲಿರುವವರಿಗೆ ಏನು ಗೊತ್ತು?

ಹಾಗಾಗಿ ಧಾರಾವಾಹಿಗೇ ಶರಣಾದೆ. ಎಲ್. ವೈದ್ಯನಾಥನ್ ಅವರ ಆ ‘ತಾನ ನಾನ’ ರಾಗ ಶುರುವಾದರೆ ನಮ್ಮ ಮನೆಯವಳು ಅಡುಗೆಮನೆಯಲ್ಲಿದ್ದರೂ ಕೈ ಒರೆಸಿಕೊಂಡು ಬಂದು ಕೂರುತ್ತಾಳೆ. ಆದರೆ ನನ್ನ ಜೊತೆ ಕೂತು ನೋಡುವುದು ಈಗ ಅವಳಿಗೆ ಸಾಧ್ಯವಿಲ್ಲ. ಹೊಗೆ ಉಗುಳುತ್ತ ಗಾಡಿ ಬರುತ್ತದೆ, ಜನ ಇಳಿಯುತ್ತಾರೆ, ಅವಳ ಕಣ್ಣು ತುಂಬುವ ಹೊತ್ತಿಗೆ ನಾನು ನಿಲ್ಲಿಸುತ್ತೇನೆ.

“ರೀ, ಅವನ ಮುಖ ನೋಡ್ರೀ, ಪಾಪ.”

“ಕಾಲಿನ ಹಿಂದೆ ನೋಡು. ಅದು ಎರಡನೇ ಹಳಿನಾ, ಹುಲ್ಲಾ?”

“ಹುಲ್ಲು.”

“ಹೊಳೀತಾ ಇದೆಯಲ್ಲೇ.”

“ಹಾಗಾದ್ರೆ ಒದ್ದೆ ಹುಲ್ಲು.”

ಕ್ಯಾಮರಾದವರದು ಒಂದು ಕೆಟ್ಟ ಚಾಳಿ. ಅವರು ಮನುಷ್ಯರನ್ನೇ ತೋರಿಸುತ್ತಾರೆ. ಗಾಡಿ ಪಾಯಿಂಟಿನ ಮೇಲೆ ಬರಬೇಕು, ನಾಲ್ಕು ಸೆಕೆಂಡು ಅಲ್ಲೇ ನಿಂತಿದ್ದರೆ ನನ್ನ ಜನ್ಮ ಸಾರ್ಥಕವಾಗುತ್ತಿತ್ತು, ಅಷ್ಟರಲ್ಲಿ ಯಾರದೋ ಅಳುಮುಖ ಪರದೆ ತುಂಬ ಬಂದುಬಿಡುತ್ತದೆ. ಗಿರೀಶ್ ಕಾರ್ನಾಡರಂಥ ಆಜಾನುಬಾಹುಗಳು ನಿಂತರಂತೂ ಹಿಂದೆ ಇಡೀ ಗೂಡ್ಸ್ ಗಾಡಿ ಬಚ್ಚಿಟ್ಟುಕೊಳ್ಳಬಹುದು. ಇಷ್ಟಾಗಿಯೂ ಕಂಡದ್ದನ್ನು ನಂಬುವ ಹಾಗಿಲ್ಲ. ಸಿನಿಮಾದವರು ಊರಿನ ಹೆಸರಿನ ಬೋರ್ಡನ್ನೇ ಬದಲಾಯಿಸಿದವರು. ಚಿತ್ರಕ್ಕೆ ಅಡ್ಡ ಬಂದ ಕಂಬವನ್ನು ಬಿಟ್ಟಾರೆಯೇ?

ಕೊನೆಗೆ ಉಳಿದದ್ದು ಹಿರಿಯರ ನೆನಪು. ಈ ಹುಡುಕಾಟದಲ್ಲಿ ನನಗೆ ನಿಜವಾದ ಸುಖ ಸಿಕ್ಕಿದ್ದು ಇಲ್ಲೇ. ಒಂದೇ ಸ್ಟೇಷನ್ನು, ಕೇಳಿದವರ ಬಾಯಲ್ಲೆಲ್ಲ ಬೇರೆ ಬೇರೆ. ಯಾರು ಎಲ್ಲಿ ನಿಂತು ಅನ್ನ ದುಡಿದರೋ ಅಲ್ಲಿಂದಲೇ ಹಳಿ ಶುರುವಾಗುತ್ತದೆ.

ಸ್ಟೇಷನ್ ಪಕ್ಕ ಚಹಾ, ವಡೆ ಮಾರುತ್ತಿದ್ದವರ ನಕ್ಷೆಯಲ್ಲಿ ಹಳಿಗಳೇ ಇಲ್ಲ, ಡಬ್ಬಿಗಳಿವೆ. “ಗಾರ್ಡ್ ಡಬ್ಬಿ ಸರೀ ನನ್ನ ಬಾಣಲೆ ಎದುರಿಗೆ ನಿಲ್ತಿತ್ತು. ಅದ್ರಾಗೆ ಒಂದು ಚೂರೂ ವ್ಯತ್ಯಾಸ ಇಲ್ಲ” ಎಂದರು. ಇದು ಬಹಳ ಬೆಲೆಬಾಳುವ ಮಾತು. ಬಾಣಲೆ ಇದ್ದ ಜಾಗ ಅವರು ತೋರಿಸಬಲ್ಲರು. ಗಾಡಿಗೆ ಎಷ್ಟು ಡಬ್ಬಿ ಎಂದು ಇನ್ನೊಬ್ಬರಿಂದ ತಿಳಿದರೆ ಇಂಜಿನ್ ನಿಲ್ಲುತ್ತಿದ್ದ ಜಾಗ ಸಿಗುತ್ತದೆ. ಸಾಗರದ ಕಡೆಯಿಂದ ದಿನಾ ಓಡಾಡುತ್ತಿದ್ದ ಒಬ್ಬ ಮೇಡಂ ನಿವೃತ್ತರಾಗಿದ್ದಾರೆ. ಅವರಿಗೆ ನೆನಪಿರುವುದು ಕ್ರಾಸಿಂಗ್ ಮಾತ್ರ. ಎದುರು ಗಾಡಿಗಾಗಿ ಕಾಯಿಸಿ, ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳಿಸಿದ ಸ್ಟೇಷನ್ನುಗಳ ಮೇಲೆ ಅವರಿಗೆ ಇವತ್ತಿಗೂ ಕೋಪ ಇದೆ. ಅದು ಅರಸಾಳೋ ಕುಂಸಿಯೋ ಎಂದು ಕೇಳಿದರೆ, “ಎರಡೂ ಅಷ್ಟೇ ಬಿಡಿ” ಎನ್ನುತ್ತಾರೆ.

ಪಾಯಿಂಟ್ಸ್‌ಮನ್ ಆಗಿದ್ದ ಒಬ್ಬ ಅಜ್ಜನ ಮನೆಗೆ ಹೋದ ದಿನವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಸಾಲಿನ ಹಲವು ಸ್ಟೇಷನ್ನುಗಳಲ್ಲಿ ಅವರು ಕೆಲಸ ಮಾಡಿದವರು. ನಾನು ಒಯ್ದ ಡ್ರಾಯಿಂಗ್ ಹಾಳೆ, ಪೆನ್ಸಿಲು ಅವರಿಗೆ ಬೇಡವಾಯಿತು. ಪಕ್ಕದ ಲೋಟದ ನೀರಿಗೆ ಬೆರಳದ್ದಿ, ಕೆಂಪು ಗಾರೆ ನೆಲದ ಮೇಲೆ ಎಳೆಯುತ್ತ ಹೋದರು. “ಇದು ಮೇನು. ಇಲ್ಲಿ ಪಾಯಿಂಟು. ಮಳೆಗಾಲದಾಗೆ ಇದು ಭಾರಿ ಜಗಳಗಂಟಿ. ಜಲ್ಲಿ ಸಿಕ್ಕಂಡು ನಾಲಗೆ ಕೂರ್ತಾನೇ ಇರ್ಲಿಲ್ಲ. ಕಂದೀಲು ಹಿಡ್ಕಂಡು ಹೋಗಿ ಕೈಯಾಗೆ ಬಿಡಿಸ್ಬೇಕು.” ಪಾಯಿಂಟಿನ ನಾಲಗೆಯನ್ನು ತೋರಿಸುವಾಗ ಅವರ ಭುಜ ತಾನಾಗಿ ಹಿಂದಕ್ಕೆ ಹೋಯಿತು, ಲಿವರ್ ಎಳೆಯುವವರ ಹಾಗೆ. ದೂರದ ಸಿಗ್ನಲ್ಲಿಗೆ ಎಳೆತ ಹೆಚ್ಚು, ಹತ್ತಿರದ್ದಕ್ಕೆ ಕಡಿಮೆ. ಎಷ್ಟು ದೂರ ಎಂದು ಕೇಳಿದರೆ ಅವರು ಮೀಟರಿನಲ್ಲಿ ಹೇಳಲಿಲ್ಲ, ಒಂದು ಕೈಯೋ ಎರಡು ಕೈಯೋ ಎಂದು ಹೇಳಿದರು. ಆಗ ಒಂಟಿ ಹಳಿಯ ಮೇಲೆ ಟೋಕನ್ ಕೈಗೆ ಬರದೆ ಡ್ರೈವರ್ ಗಾಡಿ ಹೊರಡಿಸುವಂತಿರಲಿಲ್ಲ. ಆ ಟೋಕನ್ನನ್ನು ಬೆತ್ತದ ಬಳೆಗೆ ಸಿಕ್ಕಿಸಿ ಓಡುವ ಇಂಜಿನ್ನಿಗೆ ಎತ್ತಿಕೊಡಲು ಎಲ್ಲಿ ನಿಲ್ಲಬೇಕು ಎಂಬುದನ್ನು ಹೆಬ್ಬೆರಳೊತ್ತಿ ಗುರುತು ಮಾಡಿದರು.

ತೊಂದರೆ ಏನೆಂದರೆ, ಆನಂದಪುರದ ಕಡೆಯ ತುದಿ ಎಳೆಯುವ ಹೊತ್ತಿಗೆ ಕುಂಸಿಯ ಕಡೆಯದು ಒಣಗಿಹೋಗಿತ್ತು. ನಾನು ಅವಸರದಲ್ಲಿ ಫೋಟೋ ತೆಗೆದೆ. ಫೋಟೋದಲ್ಲಿ ನೆಲದ ಹೊಳಪು, ಮೇಲಿನ ಟ್ಯೂಬ್‌ಲೈಟು, ಬಾಗಿದ ನನ್ನ ತಲೆ ಚೆನ್ನಾಗಿ ಬಂದಿವೆ. “ಇನ್ನೊಂದು ಸಲ ಬರಿತೀರಾ ಅಜ್ಜ?” ಎಂದೆ. ಬರೆದರು, ಬೇಸರವಿಲ್ಲದೆ. ಈ ಸಲ ಲೂಪು ಕಟ್ಟಡದ ಆಚೆಗಿತ್ತು. “ಮೊದಲು ಈಚೆಗಿತ್ತಲ್ಲ?” ಎಂದರೆ, “ಅದು ಬೇರೆ ಸ್ಟೇಷನ್ನು” ಎಂದು ನೀರು ಕುಡಿದುಬಿಟ್ಟರು.

ಸೈಡಿಂಗಿನ ವಿಷಯ ಎತ್ತಿದ ಮೇಲಂತೂ ಎರಡು ಪಕ್ಷಗಳೇ ಆಗಿವೆ. ಮರದ ದಿಮ್ಮಿ ಹೇರಲು ಒಂದು ಸೈಡಿಂಗು ಇದ್ದೇ ಇತ್ತು ಎನ್ನುವವರು ಒಂದು ಕಡೆ. “ಅರಸಾಳಲ್ಲಿ ಸೈಡಿಂಗಾ? ಇವನಜ್ಜಿ!” ಎನ್ನುವವರು ಇನ್ನೊಂದು ಕಡೆ. ಇಬ್ಬರು ಹಿರಿಯರನ್ನು ಒಂದೇ ಮೇಜಿಗೆ ಕೂರಿಸಿದರೆ ಇತ್ಯರ್ಥವಾಗುತ್ತದೆಂದು ಹೋಟೆಲಿಗೆ ಕರೆದುಕೊಂಡು ಹೋದೆ. ಮೊದಲ ಕಾಫಿಗೆ ಸೈಡಿಂಗು, ಎರಡನೇ ಕಾಫಿಗೆ ಯೂನಿಯನ್ ಚುನಾವಣೆ, ಮೂರನೆಯದು ಬರುವ ಹೊತ್ತಿಗೆ ಯಾರದೋ ಪ್ರಮೋಷನ್ ತಪ್ಪಿಸಿದವರು ಯಾರು ಎಂಬಲ್ಲಿಗೆ ಬಂತು. ಬಿಲ್ಲು ನಾನು ಕೊಟ್ಟೆ. ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೋದರು.

ಇಷ್ಟೆಲ್ಲ ಆದ ಮೇಲೆ ಇನ್ನೊಂದು ಸತ್ಯವನ್ನು ಹೇಳಬೇಕು. ಸಣ್ಣ ಸ್ಟೇಷನ್ನು ಎಂದರೂ ಈ ತುದಿಯ ಪಾಯಿಂಟಿನಿಂದ ಆ ತುದಿಯ ಪಾಯಿಂಟಿಗೆ 400 ಮೀಟರ್ ಹಿಡಿಯಿರಿ. 87ರಿಂದ ಭಾಗಿಸಿದರೆ ನಾಲ್ಕೂವರೆ ಮೀಟರ್ ದಾಟುತ್ತದೆ, ಅಂದರೆ ಹದಿನೈದು ಅಡಿ. ನನಗೆ ಮಂಜೂರಾಗಿರುವ ಕೋಣೆ ಹತ್ತು ಅಡಿಯದು. ಅದರಲ್ಲೂ ಒಂದು ಮೂಲೆ ಅಕ್ಕಿ ಡಬ್ಬಕ್ಕೆ ಮೀಸಲು. ಆದ್ದರಿಂದ ನಕ್ಷೆ ಸಿಕ್ಕಿದ ದಿನವೇ ಅದನ್ನು ಮೂರನೇ ಒಂದು ಭಾಗ ಕತ್ತರಿಸಬೇಕು.

“ಹೇಗೂ ಕತ್ತರಿಸೋದೇ ಆದ್ರೆ ಸರಿಯಾದ್ದು ಯಾಕೆ ಬೇಕು? ಈಗ್ಲೇ ಗಿಡ್ಡಕ್ಕೆ ಬರ್ಕೊಳ್ಳಿ” ಎನ್ನುತ್ತಾಳೆ ನಮ್ಮ ಮನೆಯವಳು. ಮೈಯಳತೆ ಪೂರ್ತಿ ತೆಗೆದುಕೊಳ್ಳದೆ ಯಾವ ದರ್ಜಿ ಬಟ್ಟೆಗೆ ಕತ್ತರಿ ಹಾಕುತ್ತಾನೆ ಎಂದು ನಾನು. ಪ್ಲಾಟ್‌ಫಾರ್ಮನ್ನು ಗಿಡ್ಡ ಮಾಡಬಹುದು, ಲೂಪಿನ ಉದ್ದ ತಗ್ಗಿಸಬಹುದು, ಅದನ್ನು ಯಾರೂ ಗಮನಿಸುವುದಿಲ್ಲ. ಆದರೆ ಬಾಣಲೆಯೆದುರು ಗಾರ್ಡ್ ಡಬ್ಬಿ ನಿಲ್ಲದಿದ್ದರೆ, ಟೋಕನ್ ಕೊಡುವವನು ನಿಲ್ಲುವ ಜಾಗ ಪಾಯಿಂಟಿನ ತಪ್ಪು ಬದಿಗೆ ಬಂದರೆ, ಅದು ಅರಸಾಳೂ ಅಲ್ಲ, ಮಾಲ್ಗುಡಿಯೂ ಅಲ್ಲ. ಬೇಕಾದರೆ ಆ ಜರ್ಮನ್ ಸ್ಟೇಷನ್ನಿನ ಹಿಮ ಕೆರೆದು ಅಲ್ಲೇ ಇಟ್ಟುಬಿಡಬಹುದು.

ಈಗ ಓದುಗರಲ್ಲಿ ಒಂದು ಬಿನ್ನಹ. ಶಾಲೆಯಿಂದ ಜೋಗಕ್ಕೆ ಪ್ರವಾಸ ಹೋಗಿದ್ದವರು, ಮದುವೆ ದಿಬ್ಬಣದಲ್ಲಿ ತಾಳಗುಪ್ಪದ ಗಾಡಿ ಹತ್ತಿದವರು, ವರ್ಗವಾದಾಗ ಹಾರ ಹಾಕಿಸಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಫೋಟೋ ತೆಗೆಸಿಕೊಂಡವರು ನಿಮ್ಮಲ್ಲಿ ಖಂಡಿತ ಇದ್ದೀರಿ. ಮೀಟರ್ ಗೇಜ್ ಕಾಲದ ಆ ಫೋಟೋಗಳನ್ನು ದಯವಿಟ್ಟು ಒಮ್ಮೆ ಹೊರತೆಗೆಯಿರಿ. ಮುಖಗಳನ್ನು ಬಿಟ್ಟು ಮೊಣಕಾಲಿನ ಆಚೀಚೆ ನೋಡಿ. ಹಳಿ ಎಷ್ಟು ಸಾಲು ಎಂದು ಎಣಿಸಿ, ಫೋಟೋದ ಹಿಂದೆ ಸ್ಟೇಷನ್ನಿನ ಹೆಸರು, ಇಸವಿ ಬರೆದಿಡಿ. ಅರಸಾಳಿನದೇ ಆಗಬೇಕೆಂದಿಲ್ಲ; ನಿಮ್ಮೂರಿನ ಸ್ಟೇಷನ್ನನ್ನೂ ನಾಳೆ ಯಾರಾದರೊಬ್ಬ ಹುಚ್ಚ ಕಟ್ಟಲು ಕೂರುತ್ತಾನೆ. ಅಂದ ಹೆಚ್ಚಿಸುತ್ತೇನೆಂದು ಸ್ಟುಡಿಯೋದವನು ಅಂಚು ಕತ್ತರಿಸಲು ಬಂದರೆ ಮಾತ್ರ ಬಿಡಬೇಡಿ. ನಮಗೆ ಬೇಕಾದದ್ದೆಲ್ಲ ಆ ಅಂಚಿನಲ್ಲೇ ಇರುತ್ತದೆ.